ಬೇಕಂತನ ಬಿಟ್ಟಾನ್ರೀ

ಗದಗ ಜಿಲ್ಲೆಯ ನಮ್ಮ ಪ್ರೌಢಶಾಲೆಯಲ್ಲಿ ಈ ವಾರ ಖೋಖೋ ಮುಗಿದ ಕೂಡಲೇ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನ ಬಳಿಗೆ ಬಂದು, "ಸರ, ಅಂವ ಬೇಕಂತನ ನನ್ನ ಬಿಟ್ಟಾನ್ರೀ. ನಾ ಔಟ್ ಆಗಬೇಕಿತ್ತು" ಎಂದು ದೂರು ಕೊಟ್ಟನು. ದೈಹಿಕ ಶಿಕ್ಷಕನಾಗಿ ಔಟಾದವರ ತಕರಾರುಗಳನ್ನು ಬೇಕಾದಷ್ಟು ಕೇಳಿದ್ದೇನೆ. ಔಟ್ ಮಾಡಲಿಲ್ಲವೆಂಬ ತಕರಾರು ಇದೇ ಮೊದಲು.

ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ತೊಂದರೆಯಿಂದ ಅವನ ಎಡಗಾಲು ಬಿಗಿದುಕೊಂಡಿದೆ. ಓಡುತ್ತಾನೆ, ಆದರೆ ಥಟ್ಟನೆ ತಿರುಗಲಾರ. ಮಳೆಯಾದ ಮರುದಿನ ನಮ್ಮ ಎರೆಮಣ್ಣಿನಲ್ಲಂತೂ ಕಾಲು ಕಿತ್ತಿಡುವುದೇ ಕಷ್ಟ. ಬೆನ್ನಟ್ಟಿದ ಹುಡುಗ ಮೊಳದಷ್ಟು ಹತ್ತಿರ ಬಂದು, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಕುಳಿತಿದ್ದ ಗೆಳೆಯನಿಗೆ ಖೋ ಕೊಟ್ಟುಬಿಟ್ಟನು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ಅದನ್ನು ಮೊಬೈಲಿನಲ್ಲಿ ಹಿಡಿದು ಸಂಜೆಯೊಳಗೆ ಶಿಕ್ಷಕರ ಗುಂಪಿಗೆ ಕಳಿಸಿದರು. ಅವರು ಒಳ್ಳೆಯವರೇ, ಆದರೆ ಮೊಬೈಲಿನ ಚಟ ಸ್ವಲ್ಪ ಹೆಚ್ಚು. ಆ ವಿಡಿಯೊದಲ್ಲಿ ನಾನು ಮತ್ತೆ ಮತ್ತೆ ನೋಡುತ್ತಿರುವುದು ಹಿಂದೆ ಸರಿದ ಆ ಕೈಯನ್ನು, ಅದನ್ನು ತಿರುಗಿ ಕಂಡ ಇವನ ಮುಖವನ್ನು.

ಇಂಥ ಮಕ್ಕಳನ್ನು ಸ್ಕೋರ್ ಬರೆಯಲು, ಉಳಿದವರ ಚಪ್ಪಲಿ ಕಾಯಲು ಹಚ್ಚುವ ರೂಢಿ ಹಳೆಯದು. ಕ್ರೀಡೆಯ ಅವಕಾಶವೂ ಇತರರಿಗೆ ಸಮನಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಮೈದಾನಕ್ಕೆ ಇಳಿಸಿದರೆ ಸಾಕು, ಕಾಯ್ದೆ ಪಾಲಿಸಿದಂತಾಯಿತೆಂದು ನಾವು ತಿಳಿಯುತ್ತೇವೆ. ಅಂಧರ ಕ್ರಿಕೆಟ್ಟನ್ನು ನೋಡಿ. ಪೂರ್ಣ ದೃಷ್ಟಿಹೀನ ಆಟಗಾರ ಬ್ಯಾಟಿನಿಂದ ಗಳಿಸಿದ ಪ್ರತಿ ರನ್ನಿಗೂ ಎರಡರ ಲೆಕ್ಕ. ಚೆಂಡಿನೊಳಗೆ ಗುಂಡುಗಳಿದ್ದು ಅದು ಸದ್ದು ಮಾಡುತ್ತ ಉರುಳಿ ಬರುತ್ತದೆ. ಇಷ್ಟೆಲ್ಲ ಆಟಕ್ಕೆ ಮೊದಲೇ ಬರೆದಿಟ್ಟ ನಿಯಮ. ಅದಾದ ಮೇಲೆ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ನಮ್ಮ ಕರ್ನಾಟಕದ ಶೇಖರ್ ನಾಯ್ಕ್ ನಾಯಕರಾಗಿದ್ದ ತಂಡ 2012ರಲ್ಲಿ ಬೆಂಗಳೂರಿನಲ್ಲಿ ವಿಶ್ವಕಪ್ ಗೆದ್ದದ್ದು ಯಾರೋ ಕೈ ಹಿಂದಕ್ಕೆಳೆದುಕೊಂಡದ್ದರಿಂದಲ್ಲ.

ಖೋಖೋವಿನಲ್ಲಂತೂ ಅರ್ಧ ಕೆಲಸ ಮೊದಲೇ ಆಗಿದೆ. ಖೋ ಕೊಡುವವನು ಬೆನ್ನು ಮುಟ್ಟಬೇಕು, ಅದೇ ಕ್ಷಣಕ್ಕೆ ಕೂಗಲೂ ಬೇಕು. ನಮ್ಮಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳಿದ್ದಾಳೆ. ಬೆನ್ನಿಗೆ ಕೈ ತಾಕಿದೊಡನೆ ಅವಳು ಏಳುವ ವೇಗ ಇನ್ನಾರಿಗೂ ಇಲ್ಲ. ಸೀಟಿಯ ಜೊತೆಗೆ ಕೈಯಲ್ಲೊಂದು ಬಾವುಟ ಹಿಡಿದದ್ದು ಬಿಟ್ಟರೆ ಅವಳಿಗಾಗಿ ನಾನು ಏನನ್ನೂ ಬದಲಿಸಿಲ್ಲ.

ಈ ಹುಡುಗನಿಗೆ ಮಾತ್ರ ಬದಲಾವಣೆ ಬೇಕಿತ್ತು. ಮರುದಿನ ಎಲ್ಲರನ್ನೂ ಕೂರಿಸಿ ಕೇಳಿದಾಗ ಮಕ್ಕಳೇ ಒಂದು ದಾರಿ ಹುಡುಕಿದರು: ಕಂಬದ ಪಕ್ಕ ಸುಣ್ಣದಲ್ಲಿ ಒಂದು ಚೌಕ ಬರೆಯುವುದು, ಅದರೊಳಗೆ ನಿಂತವನನ್ನು ಐದು ಎಣಿಸುವವರೆಗೆ ಮುಟ್ಟದಿರುವುದು. "ಐದು ಹೆಚ್ಚಾತ್ರಿ ಸರ, ಮೂರು ಸಾಕು" ಎಂದವನು ಅವನೇ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಇದು ನಡೆಯದೆಂಬುದು ಅವನಿಗೂ ಗೊತ್ತು. ಆ ಜಗಳವನ್ನು ನಾನು ಬೇರೆ ಕಡೆ ಆಡಬೇಕಾಗಿದೆ.

ಆ ದಿನ, ಹಿಂದೆ ಕೈ ಎಳೆದುಕೊಂಡಿದ್ದ ಅದೇ ಹುಡುಗ ಅವನನ್ನು ಮುಟ್ಟಿ ಔಟ್ ಮಾಡಿದನು. ಮೂರು ಎಣಿಸುವುದು ಮುಗಿದೇ ಇರಲಿಲ್ಲವೆಂದು ಇವನು, ಮುಗಿದಿತ್ತೆಂದು ಅವನು, ಗಂಟೆ ಹೊಡೆದರೂ ಇಬ್ಬರೂ ಮೈದಾನ ಬಿಡಲಿಲ್ಲ.