ಎಂ.ಫಿಲ್. ಹೋದಮೇಲೆ ಕಿರುಪ್ರಬಂಧದ ಮೇಲೆ ಬಿದ್ದ ಭಾರ

ಮೈಸೂರು, 12 ಮಾರ್ಚ್ 2025, ಬುಧವಾರ

ಬಿಸಿಲು ಏರುವ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಎರಡು ಬಗೆಯ ಓದು ನಡೆದಿರುತ್ತದೆ. ಒಂದು ಕಾಲೇಜು ಅಧ್ಯಾಪಕರಾಗಲು ಅರ್ಹತೆ ಕೊಡುವ ನೆಟ್ ಪರೀಕ್ಷೆಯದು, ಇನ್ನೊಂದು ಎಂ.ಎ., ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರ್‌ನ ಕಿರುಪ್ರಬಂಧದ್ದು. ಮೊದಲನೆಯದಕ್ಕೆ ಆರು ತಿಂಗಳು ಎತ್ತಿಟ್ಟವರು ಎರಡನೆಯದನ್ನು ಕೊನೆಯ ಮೂರು ವಾರಕ್ಕೆ ತಳ್ಳುತ್ತಾರೆ. ಪಿಎಚ್.ಡಿ. ಮಾಡುವ ಆಸೆ ಇರುವವರಿಗೆ ಈ ಲೆಕ್ಕ ತಲೆಕೆಳಗು. ಯಾಕೆ ಅನ್ನುವುದನ್ನು ಇವತ್ತು ಬರೆದಿಡುತ್ತೇನೆ.

ಮೊದಲು ಎಂ.ಎ.ಗೂ ಪಿಎಚ್.ಡಿ.ಗೂ ನಡುವೆ ಎಂ.ಫಿಲ್. ಅನ್ನುವ ಮೆಟ್ಟಿಲಿತ್ತು. ಕನಿಷ್ಠ ಎರಡು ಸೆಮಿಸ್ಟರ್, ಹೆಚ್ಚೆಂದರೆ ನಾಲ್ಕು. ಸಣ್ಣ ವಿಷಯವೊಂದನ್ನು ಹಿಡಿದು, ತಡಕಾಡಿ, ತಪ್ಪು ಮಾಡಿ, ಗೈಡ್ ಕೈಲಿ ಬೈಸಿಕೊಂಡು ಕಲಿಯುವುದಕ್ಕೆ ಅಷ್ಟು ಕಾಲಾವಕಾಶ ಸಿಗುತ್ತಿತ್ತು. 2022ರ ನವೆಂಬರ್ 7ರಂದು ಹೊರಟ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮಾವಳಿ ಅದನ್ನು ನಿಲ್ಲಿಸಿತು. ಹಿಂದೆ ಪಡೆದವರ ಪದವಿಗೆ ಧಕ್ಕೆಯಿಲ್ಲ, ಹೊಸದಾಗಿ ಸೇರಿಸಿಕೊಳ್ಳುವಂತಿಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಇದ್ದರೆ ನೇರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು ಎಂದೂ ಅದರಲ್ಲಿದೆ. ಆದರೆ ನಮ್ಮ ರಾಜ್ಯ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ; ಇಲ್ಲಿನ ಹೆಚ್ಚಿನವರಿಗೆ ಎರಡು ವರ್ಷದ ಎಂ.ಎ., ಎಂ.ಎಸ್ಸಿ.ಯೇ ದಾರಿ. ಅದರಲ್ಲಿ ಶೇ. 55 ಬೇಕು, ಮೀಸಲು ವರ್ಗದವರಿಗೆ ಶೇ. 5 ರಿಯಾಯಿತಿ. ಒಟ್ಟಿನಲ್ಲಿ ಎಂ.ಫಿಲ್. ಹೊರುತ್ತಿದ್ದ ಭಾರವೆಲ್ಲ ಈಗ ಕಿರುಪ್ರಬಂಧದ ಐವತ್ತು-ಅರವತ್ತು ಪುಟದ ಮೇಲೆ ಬಿದ್ದಿದೆ.

ಪಿಎಚ್.ಡಿ. ಸೇರಿದಮೇಲೆ ತರಗತಿ ಪಾಠ, ಅಂದರೆ ಕೋರ್ಸ್‌ವರ್ಕ್ ಇದೆಯಲ್ಲ, ಅಲ್ಲಿ ಕಲಿಯುತ್ತಾರೆ ಅನ್ನುವ ವಾದವೂ ಉಂಟು. ಇದೆ, ಕನಿಷ್ಠ 12 ಕ್ರೆಡಿಟ್. ಸಂಶೋಧನಾ ನೀತಿಯ ಪಾಠವೂ ಅದರೊಳಗೇ ಬರುತ್ತದೆ. ಆದರೆ ಗಡಿಯಾರ ಪ್ರವೇಶದ ದಿನದಿಂದಲೇ ಓಡುತ್ತದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಾದರೆ ಇನ್ನೆರಡು. ಪ್ರಶ್ನೆ ಹಾಕುವುದನ್ನು ಆ ಮೊದಲ ವರ್ಷದಲ್ಲಿ ಕಲಿಯಲು ಕೂತರೆ ವಿಷಯ ಬದಲಾಯಿಸುವುದರಲ್ಲೇ ಎರಡನೆಯ ವರ್ಷವೂ ಮುಗಿಯುತ್ತದೆ.

ತಪ್ಪು ಶುರುವಾಗುವುದು ಶೀರ್ಷಿಕೆಯಲ್ಲಿ. ‘ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿಗಳು: ಒಂದು ಅಧ್ಯಯನ’. ಈ ಅಚ್ಚಿನಿಂದ ಎಷ್ಟು ಇಟ್ಟಿಗೆ ಬೇಕಾದರೂ ತೆಗೆಯಬಹುದು: ಕಬ್ಬು ತೆಗೆದು ರೇಷ್ಮೆ ಹಾಕಿ, ಮಂಡ್ಯ ತೆಗೆದು ಚಾಮರಾಜನಗರ ಹಾಕಿ. ಏಳು ತಾಲ್ಲೂಕನ್ನು ನಾಲ್ಕು ತಿಂಗಳಲ್ಲಿ ಯಾರೂ ಸುತ್ತಲಾರರು. ಸುತ್ತಿದರೂ ಏನನ್ನು ಹುಡುಕುತ್ತಿದ್ದೇವೆ ಎಂದು ಈ ಶೀರ್ಷಿಕೆ ಹೇಳುವುದಿಲ್ಲ. ಇದನ್ನೇ ಕೆತ್ತಿ ಹೀಗೆ ಮಾಡಬಹುದು: ಕಾರ್ಖಾನೆಗೆ ಕಬ್ಬು ಕೊಡುತ್ತೇನೆಂದು ಒಪ್ಪಿಕೊಂಡ ರೈತ ಕೊನೆಗಳಿಗೆಯಲ್ಲಿ ಅದನ್ನು ಆಲೆಮನೆಗೆ ಯಾಕೆ ಹೊಡೆಯುತ್ತಾನೆ? ಮದ್ದೂರು ತಾಲ್ಲೂಕಿನ ಎರಡು ಊರು ಸಾಕು. ಕಾರಣ ಬೆಲೆಯೋ, ಕಟಾವಿನ ಸರದಿ ತಡವಾದದ್ದೋ, ಆಳು ಸಿಗದ್ದೋ, ದುಡ್ಡು ತಡವಾಗುವ ಭಯವೋ?

ಕೊನೆಯ ಕಾರಣವನ್ನು ಅಳೆಯಲು ದಾರಿಯಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕಬ್ಬು ತೂಗಿಸಿದ ಚೀಟಿಯಲ್ಲಿ ಒಂದು ತಾರೀಖು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇವೆರಡರ ಅಂತರವೇ ದತ್ತಾಂಶ. ‘ಹಣ ಪಾವತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂದು ನೂರು ಜನರನ್ನು ಕೇಳುವುದಕ್ಕಿಂತ ನಲವತ್ತು ಮನೆಯ ಈ ಎರಡು ತಾರೀಖು ಹೆಚ್ಚು ತೂಗುತ್ತವೆ.

ಸ್ಯಾಂಪಲ್ ವಿಚಾರದಲ್ಲಿ 384 ಅನ್ನುವ ಸಂಖ್ಯೆ ಒಂದು ಪಿಡುಗು. ಯಾವ ವಿಭಾಗದ ಕರಡು ತೆರೆದರೂ ಅದೇ. ಶೇ. 95ರ ವಿಶ್ವಾಸಮಟ್ಟದಲ್ಲಿ, ಒಂದು ಪ್ರಮಾಣವನ್ನು ಶೇ. 5ರಷ್ಟು ಹೆಚ್ಚುಕಡಿಮೆಯಲ್ಲಿ ಅಂದಾಜು ಮಾಡಲು ಬೇಕಾದ ಸಂಖ್ಯೆ ಅದು. ಆಯ್ಕೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿದ್ದರೆ ಮಾತ್ರ. ಶೇ. 10ರ ಹೆಚ್ಚುಕಡಿಮೆ ಸಾಕೆಂದರೆ ಸುಮಾರು 96 ಜನ ಸಾಕು. ಪರಿಚಯದವರ ಮನೆಯಿಂದ ಪರಿಚಯದವರ ಮನೆಗೆ ಹೋಗಿ 384 ನಮೂನೆ ತುಂಬಿಸಿದರೆ ಆ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಅದರ ಬದಲು ‘ನಲವತ್ತು ಮನೆ, ಆಯ್ದುಕೊಂಡದ್ದು ಹೀಗೆ, ಇದನ್ನು ಇಡೀ ಜಿಲ್ಲೆಗೆ ಅನ್ವಯಿಸಲಾಗದು’ ಎಂದು ಬರೆದವರ ಮೇಲೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಂಬಿಕೆ ಹುಟ್ಟುತ್ತದೆ.

ಪ್ರಶ್ನಾವಳಿಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದಮೇಲೆ, ಮೂಲ ನೋಡಿರದ ಇನ್ನೊಬ್ಬರ ಕೈಲಿ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸಬೇಕು. ಆಮೇಲೆ ಎಂಟು-ಹತ್ತು ಜನರ ಮೇಲೆ ಪ್ರಯೋಗ. ಆ ಹತ್ತು ಜನ ಮುಖ್ಯ ಲೆಕ್ಕಕ್ಕೆ ಸೇರಬಾರದು. ಕೆಡುವುದು ಎಲ್ಲಿ ಅಂದರೆ, ಐದು ಹಂತದ ಉತ್ತರ ಕೇಳಿದಾಗ ಮಂಡ್ಯದ ಕಡೆ ಬರುವ ಉತ್ತರ ಒಂದೇ: ‘ಪರ್ವಾಗಿಲ್ಲ’. ಅದು ‘ಚೆನ್ನಾಗಿದೆ’ಯೂ ಆಗಬಹುದು, ‘ಹೇಗೋ ನಡೀತದೆ’ಯೂ ಆಗಬಹುದು, ‘ಬಿಡಿ, ಹೇಳಿ ಏನು ಪ್ರಯೋಜನ’ ಎಂದೂ ಆಗಬಹುದು. ಅದನ್ನು ನಡುವಿನ ಮೂರನೆಯ ಖಾನೆಗೆ ತುಂಬಿ ಸರಾಸರಿ ತೆಗೆದರೆ ಬರುವುದು 3.1, 3.2. ಆಮೇಲೆ ‘ರೈತರು ತಟಸ್ಥರಾಗಿದ್ದಾರೆ’ ಅನ್ನುವ ಶೋಧ! ವಾರ್ಷಿಕ ಆದಾಯವನ್ನೂ ನೇರವಾಗಿ ಕೇಳಬಾರದು. ಎಷ್ಟು ಗುಂಟೆಯಲ್ಲಿ ಹಾಕಿದ್ರಿ, ಎಷ್ಟು ಟನ್ ಬಂತು, ಯಾರಿಗೆ ಕೊಟ್ರಿ, ದುಡ್ಡು ಉಗಾದಿಗೆ ಮುಂಚೆ ಬಂತೋ ಆಮೇಲೋ ಎಂದು ಕೇಳಿ, ಲೆಕ್ಕ ನಾವೇ ಹಾಕಿಕೊಳ್ಳಬೇಕು. ಎಕರೆಗೆ 40 ಗುಂಟೆ. ಕೆಲವರ ಉತ್ತರ ಎಕರೆಯಲ್ಲಿ, ಕೆಲವರದು ಗುಂಟೆಯಲ್ಲಿ ಬಿದ್ದು ಕಲಸಿಹೋದ ಹಾಳೆಯನ್ನು ಆಮೇಲೆ ಸರಿಪಡಿಸುವುದು ಆಗದ ಮಾತು.

ಎಲ್ಲರೂ ಪ್ರಶ್ನಾವಳಿ ಹಿಡಿದೇ ಹೋಗಬೇಕೆಂದೇನೂ ಇಲ್ಲ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೇ ಊರಲ್ಲಿದೆ. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಂದಲೇ. ಹಳೆಯ ಪಠ್ಯದ ಕಡೆ ಒಲವಿದ್ದವರು ಹತ್ತು ಗರಿ ಲಿಪ್ಯಂತರ ಮಾಡಿ, ಇನ್ನೊಂದು ಪ್ರತಿಯೊಂದಿಗೆ ಪಾಠಾಂತರ ಗುರುತಿಸಿದರೂ ಕಿರುಪ್ರಬಂಧಕ್ಕೆ ಧಾರಾಳವಾಯಿತು.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತೈದು-ಮೂವತ್ತು ಬರಹ, ಪ್ರತಿಯೊಂದಕ್ಕೂ ನಾಲ್ಕು ಸಾಲು: ಕೇಳಿದ ಪ್ರಶ್ನೆ, ಬಳಸಿದ ಆಕರ, ಕಂಡದ್ದು, ನಮಗೆ ಉಳಿದ ಅನುಮಾನ. ಪುಟಸಂಖ್ಯೆ ಅಲ್ಲೇ, ಆಗಲೇ ಬರೆದುಕೊಳ್ಳಬೇಕು. ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳು ಅಧ್ಯಾಯವಾರು ಸಿಗುತ್ತವೆ. ಮೊದಲ ಅಧ್ಯಾಯಕ್ಕಿಂತ ಮುಂಚೆ ಗ್ರಂಥಋಣ ತೆರೆದು ನೋಡಿದರೆ ಆ ಪ್ರಬಂಧದ ಹಣೆಬರಹ ಗೊತ್ತಾಗುತ್ತದೆ. ನಾಲ್ಕನೆಯ ಸಾಲು, ಆ ಅನುಮಾನ, ಬರೆಯದೇ ಹೋದರೆ ಸಮೀಕ್ಷೆಯ ಅಧ್ಯಾಯ ‘ಇವರು ಹೀಗೆಂದರು, ಅವರು ಹಾಗೆಂದರು’ ಎಂಬ ಹಾಜರಿಪುಸ್ತಕವಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಬೇರೆಯೇ ತಾಪತ್ರಯ. ಡಿಟಿಪಿ ಅಂಗಡಿಯಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲೇ ಟೈಪ್ ಮಾಡಿಕೊಡುವುದುಂಟು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಲ್ಯಾಟಿನ್ ಚಿಹ್ನೆಗಳ ಕಲಸುಮೇಲೋಗರ. ಕೃತಿಚೌರ್ಯ ಪತ್ತೆಯ ತಂತ್ರಾಂಶ ಅದನ್ನು ಕನ್ನಡವೆಂದು ಓದಲಾರದು. ಹೋಲಿಕೆ ಸೊನ್ನೆ ಬಂತೆಂದು ಹಿಗ್ಗಬೇಕಾಗಿಲ್ಲ. ಕೊನೆಯ ವಾರದಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು ಜಾಗ ಬಿಡುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಬರೆಯುವುದು, ಸಾಧ್ಯವಾದರೆ ತಾವೇ ಟೈಪ್ ಮಾಡುವುದು ಕ್ಷೇಮ. ಪಿಎಚ್.ಡಿ.ಯಲ್ಲಿ ಈ ಲೆಕ್ಕ ಬಿಗಿಯಾಗುತ್ತದೆ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ. 10ರವರೆಗೆ ದಂಡವಿಲ್ಲ, 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಕೊಟ್ಟ ಉದ್ಧರಣೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ನೆಟ್ ಬೇಡವೆಂದಲ್ಲ. 2024-25ರಿಂದ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೆ ಬಳಸಬಹುದು. ಜೆಆರ್‌ಎಫ್, ಅಂದರೆ ನೆಟ್‌ನಿಂದ ಸಿಗುವ ಸಂಶೋಧನಾ ಫೆಲೋಶಿಪ್, ಸಿಗದವರಿಗೆ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30, ಆ ಅಂಕಕ್ಕೆ ಒಂದೇ ವರ್ಷದ ಆಯಸ್ಸು. ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಕಡೆ ಕಷ್ಟವಿರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಸಂದರ್ಶನದ ಮೂವತ್ತನ್ನು ಗೆಲ್ಲಿಸುವುದು ಬಾಯಿಪಾಠವಲ್ಲ, ಮುಗಿಸಿ ತಂದ ಒಂದು ಸಣ್ಣ ಕೆಲಸ.

ಗೈಡ್ ವಿಚಾರ: ಪ್ರೊಫೆಸರ್ ಬಳಿ ಎಂಟು, ಅಸೋಸಿಯೇಟ್ ಪ್ರೊಫೆಸರ್ ಬಳಿ ಆರು, ಅಸಿಸ್ಟೆಂಟ್ ಪ್ರೊಫೆಸರ್ ಬಳಿ ನಾಲ್ಕು ಜನಕ್ಕಿಂತ ಹೆಚ್ಚಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ‘ಮೇಷ್ಟ್ರೇ, ನಿಮ್ಮ ಹತ್ರ ಜಾಗ ಇದೆಯಾ’ ಎಂದು ಕೇಳಲು ಸಂಕೋಚಪಟ್ಟು, ಅರ್ಜಿ ಹಾಕಿದಮೇಲೆ ಪೇಚಿಗೆ ಸಿಲುಕುವವರೇ ಹೆಚ್ಚು. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗದೆ ಎರಡು ಪುಟ ಇಟ್ಟುಕೊಂಡಿರಬೇಕು: ಪ್ರಶ್ನೆ, ಕಿರುಪ್ರಬಂಧದಲ್ಲಿ ಕಂಡದ್ದು, ಕಾಣದೆ ಉಳಿದದ್ದು, ಅದಕ್ಕೆ ಬೇಕಾದ ಆಕರ ಎಲ್ಲಿದೆ.

ನಾಳೆ ಪ್ರಶ್ನಾವಳಿಯ ಕರಡನ್ನು ಇನ್ನೊಮ್ಮೆ ನೋಡಬೇಕು. ‘ಪರ್ವಾಗಿಲ್ಲ’ಕ್ಕೆ ಒಂದು ಖಾನೆಯ ಬದಲು ‘ಹಂಗಂದ್ರೆ?’ ಎಂಬ ಮರುಪ್ರಶ್ನೆ, ಉತ್ತರ ಬರೆಯಲು ಎರಡು ಸಾಲು ಜಾಗ.