ಬೀಟಲ್‌ಗೆ ಹಿಡಿದ ಮಂಜು

ಡಿಸೆಂಬರ್‌ನ ಬೆಳಗ್ಗೆ, ಮಡಿಕೇರಿ. ಮಾವನ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಅಕ್ಕನ ಮನೆ ಅಂಗಳದಲ್ಲಿ ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆದಿತ್ತು. ಅದನ್ನು ಮೈಸೂರಿಗೆ ವಾಪಸ್ ತಲುಪಿಸೋದು ನನ್ನ ಕೆಲಸ. ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ತುಳಿದು ಬಿಟ್ಟೆ. ತಣ್ಣಗಿನ ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಕೊಡುವ ಚೋಕ್ ಕೂರುವುದು ಹಾಗೆಯೇ. ಇದರ ಎಂಜಿನ್ ಇರೋದು ಹಿಂದೆ. ಕೀ ತಿರುಗಿಸಿದ ಕೂಡಲೇ ಹಿಂದುಗಡೆ, ತಗಡಿನ ಡಬ್ಬಿಯಲ್ಲಿ ಹುಣಸೆಬೀಜ ಕುಲುಕಿದಂಥ ಸದ್ದು ಶುರುವಾಯಿತು.

ಹಳೇ ಗಾಡಿ, ಚಳಿ ಬೇರೆ. ಚೆನ್ನಾಗಿ ಬಿಸಿಯಾಗಲಿ ಅಂತ ಎಂಜಿನ್ ಆನ್ ಇಟ್ಟು ಒಳಗೆ ಹೋಗಿ ಕಾಫಿ ಕುಡಿದೆ. 15 ನಿಮಿಷ ಆಗಿರಬೇಕು. ಬಂದು ನೋಡಿದರೆ ಅಂಗಳದ ತುಂಬ ಪೆಟ್ರೋಲ್ ವಾಸನೆ. ಅಕ್ಕ ಸೆರಗಲ್ಲಿ ಮೂಗು ಮುಚ್ಚಿಕೊಂಡು, “ಸಾಕು, ಹೊರಡೋ ಮಾರಾಯ” ಅಂದಳು.

ಸುಂಟಿಕೊಪ್ಪ ಹತ್ತಿರ ಬರುವಷ್ಟರಲ್ಲಿ ಗಾಡಿ ಮುಗ್ಗರಿಸತೊಡಗಿತು. ತುಳಿದರೆ ಎಳೆತ ಇಲ್ಲ. ಕಾಲು ತೆಗೆದರೆ ಆಫ್. ರಸ್ತೆ ಪಕ್ಕ ನಿಲ್ಲಿಸಿ ಹಿಂದಿನ ಮುಚ್ಚಳ ಎತ್ತಿದೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಕೆಳಗಿನ ಪೈಪಿನ ಮೇಲೆ ಬೆಳ್ಳಗೆ ಏನೋ ಕೂತಿತ್ತು. ಬೂದಿ ಅಂದುಕೊಂಡು ಉಗುರಲ್ಲಿ ಕೆರೆದರೆ ಬೆರಳ ತುದಿಯಲ್ಲಿ ನೀರಾಯಿತು. ಮಂಜುಗಡ್ಡೆ! ಒಂದು ಗೇಣು ಆಚೆ ಸಿಲಿಂಡರ್ ಸುಡುತ್ತಿದೆ, ಇಲ್ಲಿ ಫ್ರಿಜ್ಜು.

ಮಾವನಿಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, “ನಿಂತಲ್ಲೇ ಎಷ್ಟು ಹೊತ್ತು ಓಡಿಸಿದೆ?” ಹೇಳಿದೆ. ಬೈಗುಳ ಶುರುವಾಯಿತು. “ಅದರಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ ಕಣೋ. ತಣ್ಣಗಿರುವಾಗ ಫ್ಯಾನಿನ ಗಾಳಿಯನ್ನ ಥರ್ಮೋಸ್ಟ್ಯಾಟೇ ತಡೆಯುತ್ತೆ. ಮೆಲ್ಲಗೆ ಓಡಿಸಿದರೆ ತಾನೇ ಬೇಗ ಬಿಸಿಯಾಗುತ್ತೆ. ನಿಲ್ಲಿಸಿಕೊಂಡರೆ ಜಾಸ್ತಿ ಪೆಟ್ರೋಲ್ ಹೋಗಿ ಸಿಲಿಂಡರಿನ ಎಣ್ಣೆ ತೊಳೆದುಬಿಡುತ್ತೆ. ಇರೋದೇ ಎರಡೂವರೆ ಲೀಟರ್ ಆಯಿಲ್, ಅದಕ್ಕೂ ಪೆಟ್ರೋಲ್ ಬೆರೆಸ್ತೀಯಾ?” ಆಯಿಲ್ ದೀಪ ಆರಿದ ಮೇಲೆ ಅರ್ಧ ನಿಮಿಷ ಸಾಕಂತೆ.

ಬೈಸಿಕೊಂಡಿದ್ದೇನೋ ಸರಿ, ಆದರೆ ಮಂಜುಗಡ್ಡೆಗೆ ಕಾರಣ ಅದಲ್ಲ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಟಿತು. ಎಂಜಿನ್ನಿನ ಶಾಖಕ್ಕೆ ಮಂಜು ಕರಗಿತ್ತು, ಅಷ್ಟೇ.

ಕುಶಾಲನಗರದ ಮೆಕ್ಯಾನಿಕ್ ಮುಚ್ಚಳ ತೆಗೆದವನೇ ಆ ಪೈಪಿಗೆ ಅಂಟಿಕೊಂಡ ಇನ್ನೊಂದು ಸಣ್ಣ ಪೈಪು ತೋರಿಸಿದ. “ಎರಡು ಕಡೆನೂ ಕೈ ಇಡೋಕೆ ಆಗಬಾರದು ಸಾರ್. ಮುಟ್ಟಿ ನೋಡಿ.” ಒಂದು ಕಡೆ ಬಿಸಿ. ಇನ್ನೊಂದು ಕಡೆ ನಲ್ಲಿಯ ಹಾಗೆ ತಣ್ಣಗೆ. ಪೆಟ್ರೋಲ್ ಆವಿಯಾಗುವಾಗ ಪೈಪು ತಣ್ಣಗಾಗುತ್ತೆ, ಕೊಡಗಿನ ಗಾಳಿಯಲ್ಲಿ ತೇವಕ್ಕೇನು ಕಮ್ಮಿ? ಅದು ಹೆಪ್ಪುಗಟ್ಟದಿರಲಿ ಅಂತಲೇ ಸೈಲೆನ್ಸರ್ ಹೊಗೆಯನ್ನು ಈ ಸಣ್ಣ ಪೈಪಲ್ಲಿ ಹಾಯಿಸುತ್ತಾರೆ. ನಮ್ಮದರಲ್ಲಿ ಮಸಿ ಕಟ್ಟಿ ದಾರಿ ಮುಚ್ಚಿತ್ತು. ಹಳೇ ಕ್ಲಚ್ ಕೇಬಲ್ ತೂರಿಸಿ ತೂರಿಸಿ ಎರಡು ಗಂಟೆ ಕೆರೆದ. ಹಿಡಿ ತುಂಬ ಕಪ್ಪು ಪುಡಿ ಉದುರಿತು.

ಮೊನ್ನೆ ಮತ್ತೆ ಮಡಿಕೇರಿಗೆ ಹೋಗಿದ್ದೆ. ಈ ಸಲ ಕಾಫಿ ಮೊದಲು, ಕೀ ಆಮೇಲೆ. ಅಕ್ಕ ಗೇಟ್ ತೆಗೆದು ಪಕ್ಕಕ್ಕೆ ಸರಿಯುವಷ್ಟರಲ್ಲಿ ಗಾಡಿ ರಸ್ತೆಯಲ್ಲಿತ್ತು.