ಕಪ್ಪೆಗೆ ಮಳೆ ಸಿಕ್ಕಿದ ದಿನ

ಊಟದ ಹೊತ್ತಿಗೇ ಮೋಡ ಕವಿದಿತ್ತು. ಎರಡೂವರೆಗೆ ದಪ್ಪ ಹನಿ ಶುರುವಾಯಿತು, ಐದೇ ನಿಮಿಷದಲ್ಲಿ ಎದುರಿನ ತಿರುವು ಕಾಣದಷ್ಟು ಜೋರಾಯಿತು. ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದು ಬಂದಿದ್ದ ಹತ್ತು ಹನ್ನೆರಡು ಹಳೆ ಕಾರಿನವರಲ್ಲಿ ಹೆಚ್ಚಿನವರು ಟಾರ್ಪಾಲು ಹುಡುಕಲು ಓಡಿದರು. ನಾನು ಹೆಲ್ಮೆಟ್ ಹಾಕಿಕೊಂಡೆ. ಮೈಸೂರಿನಿಂದ ಹೊರಟಿದ್ದು ಒಣ ಟ್ರ್ಯಾಕ್ ಸಿಗುತ್ತದೆ ಎಂದೇ, ಆದರೆ ಆ ಮಳೆ ನೋಡಿದಾಗ ಎಷ್ಟೋ ವರ್ಷದಿಂದ ಕಾಯುತ್ತಿದ್ದದ್ದು ಬಂತು ಅನ್ನಿಸಿತು. ಯಾಕೆಂದರೆ ನಮ್ಮ ಕಾರಿನ ಹೆಸರೇ ಕಪ್ಪೆ.

ಆಸ್ಟಿನ್ ಹೀಲಿ ಸ್ಪ್ರೈಟ್. 1958ರಲ್ಲಿ ಇಂಗ್ಲೆಂಡಿನಲ್ಲಿ ಬಿಟ್ಟ ಎರಡು ಸೀಟಿನ ತೆರೆದ ಕಾರು. ಬಾನೆಟ್ ಮೇಲೆ ಎರಡು ಹೆಡ್‌ಲೈಟು ಉಬ್ಬಿ ನಿಂತಿರುತ್ತವೆ, ಅದಕ್ಕೇ ಅಲ್ಲಿಯವರೂ ಅದನ್ನು ಕಪ್ಪೆಗಣ್ಣಿನ ಕಾರು ಎಂದೇ ಕರೆದರು. ಮೊದಲು ಆ ದೀಪಗಳು ಬೇಡದಾಗ ಮಡಚಿಕೊಳ್ಳುವ ಹಾಗೆ ಇರಬೇಕು ಅಂತ ಲೆಕ್ಕ ಇತ್ತಂತೆ, ಖರ್ಚು ಜಾಸ್ತಿ ಆಗುತ್ತದೆ ಎಂದು ಹಾಗೇ ನಿಲ್ಲಿಸಿಬಿಟ್ಟರು. ಒಳ್ಳೆಯದೇ ಆಯಿತು. ಬಾನೆಟ್ ಎತ್ತಿದರೆ ಮುಂದಿನ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮೇಲಕ್ಕೆ ಏಳುತ್ತದೆ, ಥೇಟ್ ಕಪ್ಪೆ ಬಾಯಿ ಬಿಟ್ಟ ಹಾಗೆ. ಎಂಜಿನ್ 948 ಸಿಸಿ, 43 ಹಾರ್ಸ್‌ಪವರ್. ತೂಕ ಸುಮಾರು 660 ಕೆಜಿ, ಅಂದರೆ ಹೆಚ್ಚುಕಡಿಮೆ ಹಳೆ ಮಾರುತಿ 800ರಷ್ಟೇ. ಅಪ್ಪ ಇದನ್ನು ಕೊಡಗಿನ ಒಬ್ಬ ಪ್ಲಾಂಟರ್ ಹತ್ತಿರ ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ.

ನೋಡಿದವರೆಲ್ಲ ಒಂದು ಮಾತು ಹೇಳುತ್ತಾರೆ, "ಹೆರಾಲ್ಡ್ ಎಂಜಿನ್ ತಾನೇ ಇದು?" ಅಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೂ ಮೊದಮೊದಲು 948 ಸಿಸಿ ಎಂಜಿನ್ನೇ ಇತ್ತು, ಆದರೆ ಅದರ ವಂಶವೇ ಬೇರೆ. ಇದು ಆಸ್ಟಿನ್, ಮಾರಿಸ್ ಮೈನರ್ ಕಡೆಯದು. ಒಂದರ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ. ಈ ಗೊಂದಲದಲ್ಲಿ ಅಪ್ಪ ಒಂದು ಸಲ ಹೆರಾಲ್ಡಿನ ಗ್ಯಾಸ್ಕೆಟ್ ಸೆಟ್ ಪೂರ್ತಿ ತಂದು ಮನೆಯಲ್ಲಿ ಇಟ್ಟುಕೊಂಡಿದ್ದರು.

ಟ್ರ್ಯಾಕ್ ಇದ್ದದ್ದು ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ, ಕರಿ ಮೋಟಾರ್ ಸ್ಪೀಡ್‌ವೇ. ನಮ್ಮ ದೇಶದಲ್ಲಿ ರೇಸ್ ಕಾರು ಕಟ್ಟಿದ, ಕಟ್ಟುವುದನ್ನು ಹುಡುಗರಿಗೂ ಕಲಿಸಿದ ಕರಿವರ್ಧನ್ ಅವರ ಹೆಸರು ಅದಕ್ಕೆ. ಅವರು 1995ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಟ್ರ್ಯಾಕ್ ಸುಮಾರು 2.1 ಕಿಮೀ ಉದ್ದ, ಬರೀ ತಿರುವು. 43 ಹಾರ್ಸ್‌ಪವರ್ ಕಾರಿಗೆ ಇದೇ ಸರಿ, ಉದ್ದುದ್ದ ನೇರ ರಸ್ತೆ ಇರುವ ಟ್ರ್ಯಾಕಿನಲ್ಲಿ ನಮಗೇನು ಕೆಲಸ? ಕಪ್ಪೆಯನ್ನು ಟಾಟಾ 407 ಲಾರಿಗೆ ಹತ್ತಿಸಿ ಚಾಮರಾಜನಗರ, ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿದು, ಬಣ್ಣಾರಿ ಅಮ್ಮನಿಗೆ ಒಂದು ಕಾಯಿ ಒಡೆಸಿ ಹೋಗಿದ್ದೆವು. ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಹಿಂಗಾರು ಮಳೆಯ ಕಾಲ, ಆ ಕಡೆ ಮಳೆ ಜಾಸ್ತಿ ಬೀಳುವುದೇ ಆಗ.

ಮೊದಲ ಎರಡು ಸುತ್ತು ಸುಮ್ನೆ ನಿಧಾನಕ್ಕೆ ಓಡಿಸಿದೆ. ಮಳೆ ಶುರುವಾದ ಮೊದಲ ಹತ್ತು ನಿಮಿಷವೇ ಎಲ್ಲಕ್ಕಿಂತ ಕೆಟ್ಟದ್ದು. ಟಾರಿನ ಸಂದಿಯಲ್ಲಿ ಕೂತಿದ್ದ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಮೇಲಕ್ಕೆ ತೇಲಿ ಬಂದು ರಸ್ತೆಗೆ ಸೋಪು ಹಚ್ಚಿದ ಹಾಗೆ ಆಗಿರುತ್ತದೆ. ಟ್ರ್ಯಾಕ್ ಪಕ್ಕ ನಿಂತು ಕಾಯುವ ಮಾರ್ಷಲ್‌ಗಳು ಹಳದಿ ಕೆಂಪು ಪಟ್ಟೆಯ ಬಾವುಟ ಹಿಡಿದಿದ್ದರು, ರಸ್ತೆ ಜಾರುತ್ತದೆ ಎಂದು ಅದರ ಅರ್ಥ. ಆಮೇಲೆ ಮಳೆ ಚೆನ್ನಾಗಿ ತೊಳೆದರೆ ಸ್ವಲ್ಪ ಹಿಡಿತ ವಾಪಸ್ ಬರುತ್ತದೆ.

ಆದರೆ ಆ ಹಿಡಿತ ನೀವು ಒಣ ದಿನ ಹುಡುಕಿಕೊಂಡ ಜಾಗದಲ್ಲಿ ಇರುವುದಿಲ್ಲ. ಇದು ನನಗೆ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ಗೆರೆಯಲ್ಲಿ ಓಡಿಸಿರುತ್ತೇವೆ, ಹೊರಗಿನಿಂದ ಬಂದು ತಿರುವಿನ ಒಳ ಅಂಚು ಮುಟ್ಟಿ ಮತ್ತೆ ಹೊರಕ್ಕೆ. ಎಲ್ಲ ಟೈರಿನ ರಬ್ಬರೂ ಅಲ್ಲೇ ಉಜ್ಜಿ ಉಜ್ಜಿ ನುಣ್ಣಗೆ ಹೊಳೆಯುತ್ತಿರುತ್ತದೆ. ಒಣಗಿದ್ದಾಗ ಅದೇ ಗಟ್ಟಿ ಹಿಡಿತ, ನೆನೆದರೆ ಅದೇ ಜಾರುಬಂಡೆ. ಹಾಗಾಗಿ ಮಳೆಯಲ್ಲಿ ಆ ಗೆರೆ ಬಿಟ್ಟು ಹೊರಗೆ, ಯಾರೂ ತುಳಿಯದ ಒರಟು ಟಾರಿನ ಮೇಲೆ ಹೋಗಬೇಕು. ಅಂಚಿನ ಬಣ್ಣ ಬಳಿದ ಕಲ್ಲುಗಳನ್ನಂತೂ ಮುಟ್ಟಲೇಬಾರದು. ಎಲ್ಲರೂ ನಡೆದು ನಯವಾದ ಕಲ್ಲು ಮೆಟ್ಟಿಲ ಮೇಲೆ ಮಳೆಯಲ್ಲಿ ನಾವು ಯಾವ ಕಡೆ ಕಾಲಿಡುತ್ತೇವೆ? ಚಾಮುಂಡಿ ಬೆಟ್ಟ ಹತ್ತಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮೂರನೇ ಸುತ್ತಿನಲ್ಲಿ ಹೊರಗಿನ ಗೆರೆ ಹಿಡಿದಾಗ ಕಪ್ಪೆ ಒಮ್ಮೆಲೇ ನೆಲ ಕಚ್ಚಿತು. ಸೀಟಿನಲ್ಲೇ ಗೊತ್ತಾಯಿತು. ಈ ಕಾರಿನಲ್ಲಿ ನಾವು ಕೂರುವುದು ಹೆಚ್ಚುಕಡಿಮೆ ಹಿಂದಿನ ಆಕ್ಸಲ್ ಮೇಲೇ, ಹಾಗಾಗಿ ಹಿಂದಿನ ಚಕ್ರ ಮಾಡುವುದೆಲ್ಲ ಸೊಂಟಕ್ಕೆ ತಿಳಿಯುತ್ತದೆ. ನಮ್ಮದು ಬರೀ 145 ಅಗಲದ ಟೈರು. ಈಗಿನ ಸ್ಪೋರ್ಟ್ಸ್ ಕಾರಿನವರು ನೋಡಿದರೆ ಸ್ಟೆಪ್ನಿ ಹಾಕಿಕೊಂಡು ಬಂದಿದ್ದೀರಾ ಎಂದು ಕೇಳುತ್ತಾರೆ. ಆದರೆ ನಿಂತ ನೀರಿನಲ್ಲಿ ತೆಳು ಟೈರೇ ಒಳ್ಳೆಯದು. ಅಗಲದ ಟೈರು ಅಷ್ಟಗಲ ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲಾಗದಿದ್ದರೆ ನೀರಿನ ಮೇಲೆ ಹತ್ತಿ ತೇಲುತ್ತದೆ. ತೆಳುವಾದದ್ದು ನೀರು ಸೀಳಿಕೊಂಡು ನೆಲ ಮುಟ್ಟುತ್ತದೆ. ಗಾಳಿಯೂ ಒಂದೆರಡು ಪೌಂಡ್ ಜಾಸ್ತಿ ಇರಬೇಕು, ಗಾಳಿ ಕಡಿಮೆ ಇದ್ದಷ್ಟೂ ಟೈರು ಬೇಗ ತೇಲುತ್ತದೆ.

ಇದೆಲ್ಲ ಸರಿ. ಆದರೂ ಐದನೇ ಸುತ್ತಿನಲ್ಲಿ ನಾನು ತಿರುಗಿ ಬಿದ್ದೆ. ಕಾರು ಪಲ್ಟಿ ಆಗಲಿಲ್ಲ, ಬುಗುರಿ ಥರ ಸುತ್ತಿ ಹುಲ್ಲಿಗೆ ಇಳಿಯಿತು.

ಆಗಿದ್ದು ಇಷ್ಟು. ಒಂದು ಬಲ ತಿರುವು, ಮೂರನೇ ಗೇರು. ಒಳಗೆ ಹೋದ ಮೇಲೆ ಸ್ವಲ್ಪ ಜಾಸ್ತಿ ಸ್ಪೀಡಲ್ಲಿ ಬಂದೆ ಅನ್ನಿಸಿತು. ಗಾಬರಿಗೆ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಷ್ಟೇ, ಬ್ರೇಕ್ ಕೂಡ ಮುಟ್ಟಲಿಲ್ಲ. ಕಾಲು ತೆಗೆದ ಕೂಡಲೇ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರದ ಮೇಲೆ ಒತ್ತಡ ಕಡಿಮೆಯಾಗುತ್ತದೆ, ಜೊತೆಗೆ ಎಂಜಿನ್ ಅದೇ ಚಕ್ರಗಳನ್ನು ಹಿಡಿದು ಎಳೆಯುತ್ತದೆ. ಈ ಕಾರಿನಲ್ಲಿ ಇನ್ನೂ ಒಂದಿದೆ. ಇದರ ಹಿಂದಿನ ಸ್ಪ್ರಿಂಗ್ ಪಟ್ಟಾಗಳು ಅರ್ಧ ಕತ್ತರಿಸಿದ ಹಾಗೆ ಇರುತ್ತವೆ, ಒಂದೇ ತುದಿ ಬಾಡಿಗೆ ಬಿಗಿದಿರುತ್ತದೆ, ಇನ್ನೊಂದು ತುದಿಗೆ ಆಕ್ಸಲ್. ತಿರುವಿನಲ್ಲಿ ಕಾರು ಒಂದು ಕಡೆ ವಾಲಿದಾಗ ಆಕ್ಸಲ್ ತಾನೇ ಒಂಚೂರು ತಿರುಗಿಕೊಳ್ಳುತ್ತದೆ, ಹಿಂದಿನಿಂದಲೂ ಸ್ಟಿಯರಿಂಗ್ ಮಾಡಿದ ಹಾಗೆ. ಒಣ ರಸ್ತೆಯಲ್ಲಿ ಅದು ಚುರುಕು. ನೀರಿನಲ್ಲಿ ಬಾಲ ಹೊರಕ್ಕೆ ಬರಲು ಒಂದು ನೆಪ.

ಬಾಲ ಎಡಕ್ಕೆ ಬಂತು. ನಾನು ಸ್ಟಿಯರಿಂಗ್ ಎಡಕ್ಕೆ ಕೊಟ್ಟೆ, ಸರಿಯಾಗಿಯೇ ಕೊಟ್ಟೆ, ಆದರೆ ಎಳೆದು ಕೊಟ್ಟೆ. ಆಮೇಲೆ ವಾಪಸ್ ತರುವುದು ತಡವಾಯಿತು. ಒಂದು ಕಡೆಗೆ ಹೋದ ಬಾಲ ತಿರುಗಿ ಬರುವಾಗ ಎರಡರಷ್ಟು ಜೋರಾಗಿ ಬರುತ್ತದೆ. ಎರಡನೇ ಸಲ ಹಿಡಿಯಲಾಗಲಿಲ್ಲ. ಕ್ಲಚ್, ಬ್ರೇಕ್ ಎರಡೂ ಒತ್ತಿ ಕೂತೆ, ಮಳೆ, ಹುಲ್ಲು, ಗೋಡೆ, ಮತ್ತೆ ಮಳೆ ಎಲ್ಲ ಒಂದು ಸುತ್ತು ಮುಂದೆ ಹಾದುಹೋಯಿತು. ನಿಂತಾಗ ಎಂಜಿನ್ ಇನ್ನೂ ಓಡುತ್ತಿತ್ತು. ವೈಪರ್ ತನ್ನ ಪಾಡಿಗೆ ಟಕ್ ಟಕ್ ಅನ್ನುತ್ತಿತ್ತು. ಮಾರ್ಷಲ್ ಹುಡುಗ ಓಡಿ ಬಂದು ಬಗ್ಗಿ ನೋಡಿ "ಓಕೆಯಾ ಮೇಡಂ?" ಎಂದ. ಕೈ ಎತ್ತಿ ತೋರಿಸಿದೆ. ಕೈ ನಡುಗುತ್ತಿತ್ತು.

ಹುಲ್ಲಿನ ಮೇಲೆ ದಾರಿ ಬಿಡುವವರೆಗೆ ಕಾಯುತ್ತಾ ಕೂತಾಗ ನನಗೆ ನೆನಪಾದದ್ದು ಮಂಡ್ಯದ ಕಡೆಯ ನಮ್ಮ ಅಜ್ಜಿ ಮನೆ. ವಿಸಿ ನಾಲೆ ನೀರಿನ ಗದ್ದೆಗಳು, ನಾಟಿ ಹೊತ್ತಿನಲ್ಲಿ ಎರಡೂ ಕಡೆ ಕೆಸರು, ಮಧ್ಯೆ ಒಂದಡಿ ಅಗಲದ ಬದು. ಅದರ ಮೇಲೆ ಬುತ್ತಿ ಹೊತ್ತು ನಡೆಯುವ ಹೆಂಗಸರು ಕಾಲು ನೋಡಿಕೊಳ್ಳುವುದಿಲ್ಲ. ಹತ್ತು ಮಾರು ಮುಂದೆ ನೋಡುತ್ತಾರೆ. ಹೆಜ್ಜೆ ಇಡುವುದು ಮೆತ್ತಗೆ, ಆದರೆ ನಿಲ್ಲಿಸುವುದಿಲ್ಲ. ಪೇಟೆಯಿಂದ ಹೋದ ನಾನು ಜಾರುತ್ತದೆ ಅನ್ನಿಸಿದ ಕೂಡಲೇ ಗಕ್ಕನೆ ನಿಲ್ಲುತ್ತಿದ್ದೆ, ನಿಂತ ಕಡೆಯೇ ಬೀಳುತ್ತಿದ್ದೆ. ಮಾವನ ಗಾಡಿ ಹೊಡೆಯುವಾಗಲೂ ಅಷ್ಟೇ. ಕೆಸರಿನಲ್ಲಿ ಚಕ್ರ ವಾಲಿದರೆ ನಾನು ಹಗ್ಗ ಎಳೆಯುತ್ತಿದ್ದೆ. "ಜಗ್ಬ್ಯಾಡ ಕಣವ್ವ" ಅನ್ನುತ್ತಿದ್ದರು ಮಾವ. "ಜಗ್ಗುದ್ರೆ ಎತ್ತು ಗಾಬರಿ ಬೀಳ್ತವೆ. ಸುಮ್ಕೆ ಹಿಡ್ಕೊ. ಎತ್ತ ಹೋಗ್ಬೇಕೋ ಅತ್ತ ನೋಡ್ತಾ ಇರು."

ಆ ಮಾತು ಹಿಡಿದುಕೊಂಡೇ ಮತ್ತೆ ಟ್ರ್ಯಾಕಿಗೆ ಇಳಿದೆ. ಸ್ಟಿಯರಿಂಗ್ ಮುಷ್ಟಿ ಕಟ್ಟಿ ಹಿಡಿಯಲಿಲ್ಲ, ಬೆರಳಲ್ಲಿ ಹಿಡಿದೆ. ಬ್ರೇಕ್ ನೇರ ರಸ್ತೆಯಲ್ಲೇ ಮುಗಿಸಿದೆ, ಬೇಗ ಹಿಡಿದು ಮೆತ್ತಗೆ ಬಿಟ್ಟೆ. ಗೇರು ಇಳಿಸುವಾಗ ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರ್ ಒಂದು ಸಲ ಊದಿ ಎಂಜಿನ್ ಸ್ಪೀಡು ಹೊಂದಿಸಿಕೊಂಡೆ, ಇಲ್ಲದಿದ್ದರೆ ಹಿಂದಿನ ಚಕ್ರ ಒಂದು ಕ್ಷಣ ಕಚ್ಚಿಕೊಂಡು ಅಲ್ಲೇ ಬಾಲ ಹೊರಡುತ್ತದೆ. ತಿರುವಿಗೆ ನಿಧಾನವಾಗಿಯೇ ಹೋದೆ, ಆದರೆ ಒಳಗೆ ಹೋದ ಮೇಲೆ ಕಾಲು ತೆಗೆಯಲಿಲ್ಲ. ಸಣ್ಣದಾಗಿ, ಬದಲಾಯಿಸದೆ, ಒಂದೇ ಸಮ ಕೊಡುತ್ತಾ ಹೋದೆ. ಹೊರಗೆ ಬರುವಾಗ ಆಸೆಪಟ್ಟು ಒತ್ತಿದರೆ ಒಳಗಿನ ಚಕ್ರ ಸುಮ್ನೆ ಸುತ್ತುತ್ತದೆ, ಶಬ್ದ ಬರುತ್ತದೆ, ಕಾರು ಹೋಗುವುದಿಲ್ಲ. ಅದಕ್ಕೂ ಕಾದೆ.

ಎಷ್ಟು ಸೊಗಸಾಗಿತ್ತು ಎಂದರೆ, ಅದನ್ನು ಬರೆಯಬೇಕೆಂದೇ ಇವತ್ತು ಕೂತಿದ್ದೇನೆ. ಬಾಲ ಪ್ರತಿ ತಿರುವಿನಲ್ಲೂ ಒಂದು ಗೇಣು ಹೊರಗೆ ಬರುತ್ತಿತ್ತು, ನಾನು ಒಂದು ಬೆರಳಷ್ಟು ತಿರುಗಿಸಿದರೆ ವಾಪಸ್ ಹೋಗುತ್ತಿತ್ತು. ಎಲ್ಲ 60, 70 ಕಿಮೀ ಸ್ಪೀಡಿನಲ್ಲೇ. ಒಣಗಿದ್ದಾಗ ಈ ಮಾತುಕತೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ನನ್ನಂಥವರಿಗೆ ಕೇಳಿಸುವುದೇ ಇಲ್ಲ. ಮಳೆಯಲ್ಲಿ ಕಾರು ಬಿಡಿಸಿ ಬಿಡಿಸಿ ಹೇಳುತ್ತದೆ. ಹಗುರ ಕಾರಾದರೆ ಇನ್ನೂ ಚೆನ್ನ, ಜಾರಿದರೂ ಸಣ್ಣದಾಗಿ ಜಾರುತ್ತದೆ, ಹಿಡಿದರೆ ಬೇಗ ಸಿಗುತ್ತದೆ. 1959ರಲ್ಲಿ ಅಮೆರಿಕದ ಸೀಬ್ರಿಂಗ್‌ನ 12 ಗಂಟೆ ರೇಸಿನಲ್ಲಿ ಸ್ಪ್ರೈಟುಗಳು ತಮ್ಮ ವರ್ಗದಲ್ಲಿ ಒಂದು, ಎರಡು, ಮೂರು ಮೂರೂ ಸ್ಥಾನ ತಗೊಂಡವು, ಆ ದಿನವೂ ಮಳೆ ಬಂದಿತ್ತು. ಇಷ್ಟು ದಿನ ಅದೊಂದು ಓದಿದ ಸುದ್ದಿ ಆಗಿತ್ತು. ಆ ಡ್ರೈವರ್‌ಗಳ ಕೈ ಹೇಗೆ ಕೆಲಸ ಮಾಡಿರಬಹುದು ಅಂತ ಈಗ ಸ್ವಲ್ಪ ಊಹಿಸಬಲ್ಲೆ.

ಒಂದು ಕಷ್ಟ ಇತ್ತು. ನಮ್ಮದು ನಾಲ್ಕೂ ಡ್ರಮ್ ಬ್ರೇಕು. ಒಂದು ಕಡೆ ನಿಂತ ನೀರು ದಾಟಿದ ಮೇಲೆ ಬ್ರೇಕ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಕಾರು ಎಡಕ್ಕೆ ಎಳೆಯಿತು. ಡ್ರಮ್ಮಿನೊಳಗೆ ನೀರು ಹೋದರೆ ಹೀಗೇ, ಒಂದು ಚಕ್ರ ಮೊದಲು ಒಣಗುತ್ತದೆ, ಅದು ಮಾತ್ರ ಹಿಡಿಯುತ್ತದೆ. ಅದಕ್ಕೆ ನೇರ ರಸ್ತೆಯಲ್ಲಿ ಎಡಗಾಲಿನಿಂದ ಬ್ರೇಕನ್ನು ಲೈಟಾಗಿ ಒತ್ತಿಕೊಂಡೇ ಓಡಿಸಿ ಬಿಸಿ ಮಾಡಿ ಒಣಗಿಸಿಕೊಳ್ಳುತ್ತಿದ್ದೆ. ಪ್ರತಿ ಸುತ್ತೂ. ಎಂಜಿನ್ ಮಾತ್ರ ಒಂದು ಸಲವೂ ಕೆಮ್ಮಲಿಲ್ಲ. ಅದು ನಮ್ಮ ಮೇಸ್ತ್ರಿಯ ಪುಣ್ಯ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದವರು ಅವರು. "ನೋಡಮ್ಮ, ನೀರಿಗೆ ಹೆದರೋದು ಎಂಜಿನ್ ಅಲ್ಲ, ಕರೆಂಟು" ಎಂದು ಹೇಳಿ, ಹೊರಡುವ ಹಿಂದಿನ ರಾತ್ರಿ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ ಒರೆಸಿ, ಪ್ಲಗ್ ವೈರುಗಳ ಬುಡಕ್ಕೆಲ್ಲ ಗ್ರೀಸ್ ಹಚ್ಚಿ ಕಳಿಸಿದ್ದರು.

ನಾಲ್ಕೂವರೆಗೆ ಕೆಂಪು ಬಾವುಟ ಬಂತು, ಮುಗಿಯಿತು. ಕಾರಿನೊಳಗೆ ಪಾದ ಮುಳುಗುವಷ್ಟು ನೀರಿತ್ತು. ಬೆರಳು ಬಿಳಿಚಿಕೊಂಡು ಸುಕ್ಕಾಗಿತ್ತು.

ಮಾರನೇ ದಿನ ಮೈಸೂರಿನಲ್ಲಿ ಮೇಸ್ತ್ರಿ ಬಂದು ಡ್ರಮ್ಮು ಬಿಚ್ಚಿ ಒರೆಸುತ್ತಿದ್ದರು. ಅಪ್ಪ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರಿಗೆ 82, ಓಡಿಸುವುದು ಬಿಟ್ಟು ಆರು ವರ್ಷವಾಯಿತು. ಸುತ್ತು ಹೊಡೆದದ್ದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿಬಿಟ್ಟೆ. ಬೈಯಲಿಲ್ಲ. ಪೆಟ್ಟಾಯಿತಾ ಎಂದೂ ಕೇಳಲಿಲ್ಲ, ನಾನು ಎದುರಿಗೇ ನಿಂತಿದ್ದೆನಲ್ಲ.

"ಬಾಲ ಹೇಳಿ ಬಂತಾ, ಹೇಳದೆ ಬಂತಾ?" ಎಂದರು.

"ಹೇಳಿಯೇ ಬಂತು ಅಪ್ಪ. ನಾನೇ ಕೇಳಿಸಿಕೊಳ್ಳಲಿಲ್ಲ."

"ಹಾಗಾದರೆ ಪಟ್ಟಾ ಸರಿಯಾಗಿದೆ" ಎಂದು ಮೇಸ್ತ್ರಿ ಕಡೆ ನೋಡಿದರು. ಮೇಸ್ತ್ರಿ ತಲೆ ಆಡಿಸಿ, ಕಾರಿನ ತಳದ ರಬ್ಬರ್ ಬಿರಡೆ ಕಿತ್ತರು. ಉಳಿದಿದ್ದ ಕೊಯಮತ್ತೂರಿನ ನೀರು ನಮ್ಮ ಅಂಗಳದ ಮೇಲೆ ಸುರಿಯಿತು.

ಸೀಟಿನ ಸ್ಪಂಜು ಇನ್ನೂ ಒಣಗಿಲ್ಲ. ಭಾನುವಾರದ ಹೊತ್ತಿಗೆ ಒಣಗಿದರೆ ಅಪ್ಪನನ್ನು ಕೂರಿಸಿಕೊಂಡು ಬೆಟ್ಟದ ಕಡೆ ಹೋಗಿ ಬರುತ್ತೇನೆ.